ಡಬಲ್ ರೊಟ್ಟಿಯ ತಾಕತ್ತು

ಬಾಲಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬಳಗಾನೂರಿನ ಅವನ ಮನೆಗೆ ಡಬಲ್ ರೊಟ್ಟಿ ಬರತೊಡಗಿತು. ವಾರದ ರಜೆಯ ದಿನ ನಸುಕಿನಲ್ಲಿ ರಾತ್ರಿ ಪಾಳಿ ಮುಗಿಸಿ, ಮೈಮೇಲಿನ ಗಣಿಯ ಧೂಳು ತೊಳೆದುಕೊಂಡು, ಬಜಾರಿನಲ್ಲಿ ಮಕ್ತುಮ್‌ಸಾಬನ ಬೇಕರಿ ಬಾಗಿಲು ತೆಗೆಯುವುದನ್ನೇ ಕಾಯುತ್ತ ನಿಲ್ಲುತ್ತಿದ್ದ. ಲಿಂಗಸೂಗೂರಿನಲ್ಲಿ ಒಂದು ಬಸ್ಸು ಇಳಿದು, ಮಸ್ಕಿಯಲ್ಲಿ ಇನ್ನೊಂದು ಹಿಡಿದು, ಗದ್ದಲದಲ್ಲಿ ನಜ್ಜಾಗದ ಹಾಗೆ ರೊಟ್ಟಿಯ ಕಟ್ಟನ್ನು ಎದೆಗೆ ಅವುಚಿಕೊಂಡು ಊರು ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೇರಿರುತ್ತಿತ್ತು. ಊರ ಅಗಸೆಬಾಗಿಲ ಕಟ್ಟೆಯ ಮೇಲೆ ಕೂತವರು, 'ಬಂತಲೇ ಸಾಹೇಬರ ರೊಟ್ಟಿ' ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಒಂದಿಷ್ಟು ಹೊಟ್ಟೆಯುರಿಯೂ ಇರುತ್ತಿತ್ತೆಂಬುದು ಬಾಲಪ್ಪನಿಗೆ ಗೊತ್ತಿತ್ತು. ಅದು ಅವನಿಗೆ ಹಿತವಾಗಿಯೇ ಇತ್ತು.

ಆ ರೊಟ್ಟಿ ಮಗಳು ಸೂಗಮ್ಮನಿಗೆ. ಅವಳಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು. ಅವಳಿಗಿಂತ ಮುಂಚೆ ಹುಟ್ಟಿದ ಗಂಡುಕೂಸು ಹಾಲು ಕುಡಿಯುವಾಗಲೇ ಹೋಗಿಬಿಟ್ಟಿದ್ದರಿಂದ ಈ ಕೂಸನ್ನು ಮನೆಯವರೆಲ್ಲ ಅಂಗೈಯಲ್ಲಿ ಇಟ್ಟುಕೊಂಡು ಬೆಳೆಸಿದ್ದರು. ಬಾಲಪ್ಪನ ಅವ್ವ ಯಮನಮ್ಮ ಮೊಮ್ಮಗಳನ್ನು ನೆಲಕ್ಕೆ ಇಳಿಸುತ್ತಲೇ ಇರಲಿಲ್ಲ. ಬಾಲಪ್ಪನ ಹೆಂಡತಿ ಗ್ಯಾನಮ್ಮ ಗದ್ದೆಯ ಕೂಲಿಗೆ ಹೋಗುತ್ತಿದ್ದಳು. ಕಂಪನಿಯ ಮನೆ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ಹೆಂಗಸರಿಬ್ಬರೂ ಕೂಸೂ ಊರಲ್ಲೇ ಇದ್ದರು.

ಬಾಲಪ್ಪನಿಗೆ ಡಬಲ್ ರೊಟ್ಟಿಯ ಮೇಲೆ ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿತ್ತು. ಗಣಿಗೆ ಸೇರಿದ ಹೊಸತರಲ್ಲಿ ಅವನಿಗೆ ಚಳಿಜ್ವರ ಬಂದು ದವಾಖಾನೆಗೆ ಸೇರಿದ್ದ. ಅಲ್ಲಿ ಹಾಲಿನಲ್ಲಿ ಅದ್ದಿದ ಡಬಲ್ ರೊಟ್ಟಿ ಕೊಟ್ಟರು. ಬಾಯಿಗಿಟ್ಟರೆ ಕರಗುವ ಅಂಥ ಪದಾರ್ಥವನ್ನು ಅವನು ಹುಟ್ಟಿದ ಮೇಲೆ ತಿಂದಿರಲಿಲ್ಲ. ಅದನ್ನು ತಿಂದೇ ತಾನು ಎದ್ದು ಕೂತೆ ಎಂದು ಅವನು ತಿಳಿದ. ಆಮೇಲೆ ಅಧಿಕಾರಿಗಳ ಬಂಗಲೆಗಳ ಮುಂದೆ ಹಾದು ಹೋಗುವಾಗ ಪಡಸಾಲೆಯಲ್ಲಿ ಮಕ್ಕಳು ಕುರ್ಚಿಯ ಮೇಲೆ ಕೂತು ಅದನ್ನೇ ತಿನ್ನುವುದನ್ನು ನೋಡಿದ. ತುಂಬಿದ ಕೆನ್ನೆಯ, ಎಣ್ಣೆ ಹಚ್ಚಿದಂತೆ ಮಿನುಗುವ ಮೈಯ ಮಕ್ಕಳು. ಅವರ ಮುಂದೆ ಹಾಲಿನ ಲೋಟವಿತ್ತು, ತತ್ತಿಯಿತ್ತು, ಒಳಗಿನ ಅಡುಗೆಮನೆಯಲ್ಲಿ ಪಲ್ಲೆ ಬೇಯುತ್ತಿತ್ತು. ದಾರಿಯಿಂದ ಅವನ ಕಣ್ಣಿಗೆ ಬಿದ್ದದ್ದು ಕೈಯಲ್ಲಿದ್ದ ಬಿಳಿ ರೊಟ್ಟಿ ಮಾತ್ರ.

"ತಿನ್ನವ್ವ, ತಿನ್ನು. ಇದರಾಗ ತಾಕತ್ತೈತಿ" ಎಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ತುಂಡನ್ನು ಚಹಾದಲ್ಲಿ ಅದ್ದಿ ಬಾಯಿಗಿಡುತ್ತಿದ್ದ. "ನಮ್ಮಪ್ಪ ನನಗ ನುಚ್ಚಿನ ಅಂಬಲಿ ಕುಡಿಸಿದ. ನಾ ನನ್ನ ಮಗಳಿಗೆ ಹಂಗ ಮಾಡಂಗಿಲ್ಲ."

ಸೂಗಮ್ಮನಿಗೆ ಆ ರುಚಿ ಹತ್ತಿಬಿಟ್ಟಿತು. ಜೋಳದ ರೊಟ್ಟಿ ಗಂಟಲಿಗೆ ಚುಚ್ಚುತ್ತದೆ ಎಂದು ಉಗುಳತೊಡಗಿದಳು. ಪುಂಡಿಪಲ್ಲೆ ಹುಳಿ ಎಂದು ಮುಖ ತಿರುಗಿಸಿದಳು. ರೊಟ್ಟಿ ಗಟ್ಟಿಯಾದರೂ ಯಮನಮ್ಮ ಅದನ್ನು ಒದ್ದೆ ಅರಿವೆಯಲ್ಲಿ ಸುತ್ತಿಟ್ಟು ವಾರವಿಡೀ ಸಾಗಿಸುತ್ತಿದ್ದಳು. ಮುಗಿದ ದಿನ ಬಿಳಿ ಅನ್ನ, ಚಹಾ. ಅನ್ನಕ್ಕೇನೂ ಆಗ ಬರವಿರಲಿಲ್ಲ. ಕಾಲುವೆಗೆ ನೀರು ಬಂದ ಮೇಲೆ ಸುತ್ತಲಿನ ಜೋಳದ ಹೊಲಗಳೆಲ್ಲ ನೆಲ್ಲಿನ ಗದ್ದೆಗಳಾಗಿದ್ದವು. ಹಿಂದೆ ಜೋಳದ ಸಾಲಿನ ನಡುವೆ ತಾನೇ ಹುಟ್ಟುತ್ತಿದ್ದ ಹತ್ತರಕಿ, ಗೋಳಿಪಲ್ಲೆಯಂಥ ಸೊಪ್ಪುಗಳನ್ನು ಹೆಂಗಸರು ಉಡಿ ತುಂಬ ಕಿತ್ತು ತರುತ್ತಿದ್ದರು. ಈಗ ಅಲ್ಲೆಲ್ಲ ಮೊಣಕಾಲುದ್ದ ನೀರು ನಿಂತಿರುತ್ತಿತ್ತು. ಅದಕ್ಕೆ ಯಾರೂ ಅಷ್ಟು ಬೇಜಾರು ಮಾಡಿಕೊಂಡಿರಲಿಲ್ಲ. ದಿನಾ ಅನ್ನ ಉಣ್ಣುವುದೆಂದರೆ ಮೊದಲು ಗೌಡರ ಮನೆಯ ಮಾತಾಗಿತ್ತು.

ಆ ಚಳಿಗಾಲ ಬೇಸಿಗೆ ಬೆಳೆಯ ನಾಟಿ ಶುರುವಾಗಿತ್ತು. ಒಂದು ಸಂಜೆ ಗ್ಯಾನಮ್ಮ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಾಗ, ಒಲೆಯ ಮುಂದಿನಿಂದ ಎದ್ದು ಅವ್ವನ ಕಡೆ ಓಡಿದ ಸೂಗಮ್ಮ ನಡುವೆ ಇದ್ದ ಕೊಡಕ್ಕೆ ಡಿಕ್ಕಿ ಹೊಡೆದು ಬಿದ್ದಳು. ನೀರೆಲ್ಲ ಚೆಲ್ಲಿತು.

"ಕಣ್ಣಿಲ್ಲೇನಬೇ ನಿನಗ?" ಎಂದು ಯಮನಮ್ಮ ನಕ್ಕು ಎತ್ತಿಕೊಂಡಳು. "ನನಗಿಂತ ಮೊದಲು ಮುದುಕಿ ಆಗಾಕತ್ತಾಳ ನೋಡಾ ಇವಳು."

ಗ್ಯಾನಮ್ಮನೂ ನಕ್ಕಳು. ಮರುದಿನ ಸಂಜೆ ಕೂಸು ಚಹಾದ ಬಟ್ಟಲಿಗಾಗಿ ಚಾಚಿದ ಕೈ ಬಟ್ಟಲ ಪಕ್ಕದ ನೆಲವನ್ನು ತಡವಿತು. ಅದನ್ನು ಅವಳು ಕಂಡಳು, ಆದರೆ ನಿದ್ದೆಗಣ್ಣು ಇರಬೇಕೆಂದುಕೊಂಡಳು. ದಿನವೆಲ್ಲ ಬಗ್ಗಿ ನಾಟಿ ಹಚ್ಚಿ ಬಂದವಳಿಗೆ ಸೊಂಟ ನೆಲಕ್ಕೆ ತಾಗಿದರೆ ಸಾಕಾಗಿತ್ತು. ಹೊತ್ತು ಮುಳುಗಿದ ಕೂಡಲೆ ಕೂಸನ್ನೂ ಮಲಗಿಸಿಬಿಡುತ್ತಿದ್ದರು. ಸೂಗಮ್ಮ ಕತ್ತಲಾದರೆ ಅಜ್ಜಿಯ ಸೀರೆಯ ಸೆರಗು ಬಿಡುವುದಿಲ್ಲ ಎಂಬುದು ಹೆದರಿಕೆ ಎಂದೇ ಲೆಕ್ಕವಾಯಿತು.

ಅಷ್ಟರಲ್ಲಿ ಊರಲ್ಲಿ ಮಕ್ಕಳಿಗೆ ದಡಾರ ಬಂತು. ಓಣಿಯ ಮೇಲಿನ ಮನೆಯಿಂದ ಕೆಳಗಿನ ಮನೆಗೆ ಇಳಿಯುತ್ತ ಇಳಿಯುತ್ತ ಸೂಗಮ್ಮನಿಗೂ ಬಂತು. ಜ್ವರ ಕಾದು, ಕಣ್ಣು ಕೆಂಪಾಗಿ, ಮೈತುಂಬ ಕೆಂಪು ಗುಳ್ಳೆ ಎದ್ದವು. ಯಮನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ದೇವಿ ತಾಯಿ ಮನೆಗೆ ಬಂದಿದ್ದಾಳೆ, ಒಗ್ಗರಣೆ ಹಾಕಬಾರದು, ಪಲ್ಲೆ ತರಬಾರದು, ಎಣ್ಣೆ ಮುಟ್ಟಬಾರದು ಎಂದು ಕಟ್ಟು ಮಾಡಿದಳು. ಬಿಳಿಯದು, ಮೆತ್ತಗಿನದು ಮಾತ್ರ ಕೂಸಿಗೆ. ಸುದ್ದಿ ತಿಳಿದ ಬಾಲಪ್ಪ ಗಾಬರಿಯಾಗಿ, ರಜೆ ಸಿಗದೆ, ಬಸ್ಸಿನ ಕಂಡಕ್ಟರನ ಕೈಯಲ್ಲೇ ದೊಡ್ಡ ಕಟ್ಟು ರೊಟ್ಟಿ ಕಳಿಸಿದ. ನೀರಲ್ಲಿ ಅದ್ದಿದ ರೊಟ್ಟಿಯನ್ನು ಬಿಟ್ಟು ಸೂಗಮ್ಮ ಬೇರೇನನ್ನೂ ನುಂಗುತ್ತಿರಲಿಲ್ಲ. ಅದೂ ಎಷ್ಟೋ ಸಲ ಭೇದಿಯಾಗಿ ಹೋಗುತ್ತಿತ್ತು.

ಗ್ಯಾನಮ್ಮ ಕೂಲಿ ಬಿಟ್ಟು ಮನೆಯಲ್ಲೇ ಉಳಿದಳು. ಒಂದು ಮುಂಜಾನೆ ನೀರಿಗೆ ಹೋದಾಗ ಎದುರಿಗೆ ತಿಮ್ಮವ್ವ ಸಿಕ್ಕಳು. ಉಪಕಾಲುವೆಯ ದಂಡೆಗೆ ಹತ್ತಿದ ತುಂಡು ಭೂಮಿಯಲ್ಲಿ ಆಕೆ ಗಜ್ಜರಿ, ಮೂಲಂಗಿ ಬೆಳೆದು ಸಿಂಧನೂರಿನ ಸಂತೆಗೆ ಒಯ್ಯುತ್ತಿದ್ದಳು. ಬುಟ್ಟಿ ತುಂಬ ಆಗತಾನೆ ಕಿತ್ತ ಕೆಂಪು ಗಜ್ಜರಿ, ಇನ್ನೂ ಮಣ್ಣು ಹತ್ತಿಕೊಂಡಿತ್ತು.

"ಕೂಸು ಹೆಂಗೈತಿ ಗ್ಯಾನಮ್ಮ?"

"ಗುಳ್ಳಿ ಬತ್ತಾಕತ್ತ್ಯಾವಬೇ. ಆದ್ರ ಕಣ್ಣ ತಗಿಯವಲ್ದು. ಬೆಳಕ ಕಂಡ್ರ ಚೀರತೈತಿ."

ತಿಮ್ಮವ್ವ ಬುಟ್ಟಿ ಇಳಿಸಿ ಕೈಗೆ ಬಂದಷ್ಟು ಗಜ್ಜರಿ ತೆಗೆದು ಗ್ಯಾನಮ್ಮನ ಉಡಿಗೆ ಹಾಕಿದಳು. "ತಗೋ. ಬಾಯಿಗೆ ರುಚಿ ಹತ್ತೀತು. ಕಚ್ಚಿಗೊಂತ ಕುಂದ್ರತೈತಿ ಕೂಸು." ಅವಳಿಗೆ ಅದರ ಗುಣದೋಷವೇನೂ ಗೊತ್ತಿರಲಿಲ್ಲ. ಬೀಮಾರಿ ಕೂಸಿನ ಕೈಗೆ ಏನಾದರೂ ಕೊಡಬೇಕೆನಿಸಿತ್ತು, ಅಷ್ಟೆ.

ಗ್ಯಾನಮ್ಮ ತೊಳೆದು ತಂದು ಮಗಳ ಕೈಗೆ ಕೊಟ್ಟಳು. ಸೂಗಮ್ಮ ಕಣ್ಣು ಮುಚ್ಚಿಕೊಂಡೇ ಅದನ್ನು ಮೂಸಿದಳು, ಹಲ್ಲಿನಿಂದ ಕೆರೆದಳು. ಮುಖದ ಮೇಲೆ ನಗುವಿನಂಥದೇನೋ ಮೂಡಿತು. ಹಿತ್ತಿಲಿಂದ ಬಂದ ಯಮನಮ್ಮ ಅದನ್ನು ಕಂಡು ಹೌಹಾರಿದಳು.

"ಯಾರು ಕೊಟ್ರು ಇದನ್ನ? ತಾಯಿ ಇನ್ನಾ ಮನಿ ಬಿಟ್ಟಿಲ್ಲ, ಹಸೇದು ಕೊಡ್ತಿಯಲ್ಲ! ಕೆಮ್ಮು ಎದಿಗೆ ಇಳದ್ರ ಏನು ಮಾಡ್ತಿ? ಒಂದನ್ನ ಕಳಕೊಂಡೀವಿ, ಇದನ್ನೂ ಕಳಕೊಬೇಕಂತಿಯೇನು?"

"ಒಂದು ತುಣುಕು ತಿಂದ್ರ ಏನಾಕೈತ್ರಿ ಅತ್ತಿ? ತಾನಾಗೆ ತಿನ್ನಾಕತ್ತಿತ್ತು."

"ನಿನಗೇನು ತಿಳೀತದ?" ಮುದುಕಿ ಕೂಸಿನ ಕೈಯಿಂದ ಗಜ್ಜರಿ ಕಿತ್ತುಕೊಂಡಳು. ಉಳಿದದ್ದನ್ನೂ ಎತ್ತಿ, ಎದುರು ಮನೆಯವರ ಎತ್ತಿನ ಗೋದಲಿಗೆ ಎಸೆದು ಬಂದಳು. ಸೂಗಮ್ಮ ಅತ್ತಳು. ಸಕ್ಕರೆ ಉದುರಿಸಿದ ಡಬಲ್ ರೊಟ್ಟಿ ಕೊಟ್ಟ ಮೇಲೆ ಸುಮ್ಮನಾದಳು. ಮೊದಲ ಕೂಸಿನ ಹೆಸರು ಬಂದರೆ ಗ್ಯಾನಮ್ಮನ ಬಾಯಿ ಕಟ್ಟಿಹೋಗುತ್ತಿತ್ತು. ಅತ್ತೆಯೇನು ಕೂಸಿನ ಕೇಡು ಬಯಸುವವಳಲ್ಲ. ಗುಳ್ಳೆ ಎದ್ದ ದಿನದಿಂದ ತಾನು ಒಪ್ಪೊತ್ತು ಉಂಡು ಇರುತ್ತಿದ್ದಳು.

ಮೈಯ ಮೇಲಿನ ಗುಳ್ಳೆಗಳೆಲ್ಲ ಆರಿ ಕಪ್ಪಾದವು. ಜ್ವರ ಇಳಿಯಿತು. ಕಣ್ಣು ಮಾತ್ರ ತೆರೆಯಲಿಲ್ಲ. ತಾಯಿ ಕಣ್ಣಲ್ಲಿ ಕೂತಿದ್ದಾಳೆ, ಮಂಗಳವಾರ ಉಡಿ ತುಂಬಿ ಕಳಿಸಿದರೆ ಹೋಗುತ್ತಾಳೆ ಎಂದು ಯಮನಮ್ಮ ಹೇಳಿದಳು. ಮಂಗಳವಾರದ ತನಕ ಕಾದರು. ಹಸಿರು ಬಳೆ, ಕುಪ್ಪಸದ ಖಣ, ಮೊಸರನ್ನ ಇಟ್ಟು ಊರ ಹೊರಗಿನ ತನಕ ಹೋಗಿ ಬಂದರು. ಬುಧವಾರ ಮುಂಜಾನೆ ಸಿಡುಬಿನ ಚುಚ್ಚು ಹಾಕಲು ಓಣಿಗೆ ಬಂದ ನರ್ಸ್ ಗುರುಲಿಂಗಮ್ಮ, ಬಾಗಿಲ ಬೇವಿನ ಸೊಪ್ಪು ನೋಡಿ ಒಳಗೆ ಬಂದಳು. ಹೆಬ್ಬೆರಳಿನಿಂದ ಕೂಸಿನ ರೆಪ್ಪೆ ಮೆಲ್ಲಗೆ ಬಿಡಿಸಿದಳು.

ಗ್ಯಾನಮ್ಮ ಬಗ್ಗಿ ನೋಡಿದಳು. ಬಲಗಣ್ಣಿನ ಕರಿಗುಡ್ಡೆಯಿದ್ದ ಜಾಗದಲ್ಲಿ ಬೆಂದ ಗಂಜಿಯಂಥ ಬಿಳುಪು ಇತ್ತು. ಎಡಗಣ್ಣು ಒಣಗಿ ಹೊಳಪು ಸತ್ತು, ಹೊಗೆ ಹಿಡಿದ ಗಾಜಿನ ಹಾಗಿತ್ತು.

"ಯಾವಾಗಿನಿಂದ ಹಿಂಗೈತಿ? ಸಂಜಿಮುಂದ ಎಡವತಿತ್ತೇನು?" ಎಂದು ನರ್ಸ್ ಕೇಳಿದಳು. ಗ್ಯಾನಮ್ಮನಿಗೆ ಕೊಡ ಉರುಳಿದ್ದು ನೆನಪಾಯಿತು. ಬಟ್ಟಲು ತಡವಿದ ಕೈ ನೆನಪಾಯಿತು. ಹೌದೆಂದು ತಲೆಯಾಡಿಸಿದಳು. "ಎತ್ತಿಗೋ ಕೂಸನ್ನ. ಈಗಿಂದೀಗ ಸಿಂಧನೂರಿಗೆ ಹೋಗಬೇಕು. ಬಸ್ಸಿಗೆ ಕಾಯೋದು ಬ್ಯಾಡ."

ಓಣಿಯ ತುದಿಯ ರಸ್ತೆಯಲ್ಲಿ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ರೈತನೊಬ್ಬ ಟ್ರ್ಯಾಕ್ಟರಿನಲ್ಲಿ ನೆಲ್ಲಿನ ಚೀಲ ಹೇರಿಕೊಂಡು ಹೊರಟಿದ್ದ. ನರ್ಸ್ ಕೈ ಅಡ್ಡ ಹಿಡಿದಳು. ಅವನು ಕೂಸಿನ ಮುಖ ನೋಡಿ, "ಅಯ್ಯೋ ಪಾಪಂ, ಎಕ್ಕಮ್ಮಾ, ಎಕ್ಕು" ಎಂದು ಹತ್ತಲು ಹೇಳಿ, ತಾನೇ ಇಳಿದು ಚೀಲಗಳ ನಡುವೆ ಇಬ್ಬರಿಗೂ ಜಾಗ ಮಾಡಿದ. ದಾರಿಯುದ್ದಕ್ಕೂ ಗ್ಯಾನಮ್ಮ ಮಗಳ ಮುಖಕ್ಕೆ ಸೆರಗು ಮುಚ್ಚಿ ಕೂತಳು. ಎರಡೂ ಕಡೆ ಹಸಿರು ಗದ್ದೆಗಳು, ತುಂಬಿ ಹರಿಯುವ ಕಾಲುವೆ. ಬಗ್ಗಿ ನಾಟಿ ಹಚ್ಚುತ್ತಿದ್ದ ಹೆಂಗಸರು ಸೊಂಟ ಎತ್ತಿ ಟ್ರ್ಯಾಕ್ಟರಿನ ಕಡೆ ನೋಡಿ ಮತ್ತೆ ಬಗ್ಗುತ್ತಿದ್ದರು.

ಸಿಂಧನೂರಿನ ದವಾಖಾನೆಯ ಡಾಕ್ಟರು ವಯಸ್ಸಾದವರು. ದೀಪ ಹಿಡಿದು ನೋಡಿ, ಹಳದಿ ಎಣ್ಣೆಯಂಥ ಔಷಧ ಕುಡಿಸಿದರು, ಸೂಜಿ ಚುಚ್ಚಿದರು, ಎರಡೂ ಕಣ್ಣಿಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಬಲಗಣ್ಣು ಹೋಗಿದೆ, ಎಡಗಣ್ಣಿಗಾಗಿ ಮರುದಿನ ಬೆಳಗಿನ ಬಸ್ಸಿಗೆ ರಾಯಚೂರಿಗೆ ಒಯ್ಯಬೇಕೆಂದರು. ಮಾತನ್ನು ಅವರು ಗ್ಯಾನಮ್ಮನಿಗಲ್ಲ, ಗುರುಲಿಂಗಮ್ಮನಿಗೆ ಹೇಳಿದರು. ಗ್ಯಾನಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಇಳಿಹೊತ್ತಿಗೆ ಬಾಲಪ್ಪ ಬಂದ. ಸಿಂಧನೂರು ಮುಟ್ಟಿದ ಕೂಡಲೆ ನರ್ಸ್ ಆ ಕಡೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಹೇಳಿ ಕಳಿಸಿದ್ದಳು. ಅವನು ಪಾಳಿ ಬಿಟ್ಟು ಬಂದಿದ್ದ. ಕಂಕುಳಲ್ಲಿ ಕಾಗದದ ಕಟ್ಟು ಇತ್ತು. ದವಾಖಾನೆಯ ಪಡಸಾಲೆಯ ನೆಲದ ಮೇಲೆ ಕೂತಿದ್ದ ಹೆಂಡತಿಯನ್ನು, ಅವಳ ತೊಡೆಯ ಮೇಲೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಮಗಳನ್ನು ನೋಡಿ ಅಲ್ಲೇ ಕುಕ್ಕರಿಸಿದ. ಕಟ್ಟಿನ ಸಪ್ಪಳ ಕೇಳಿ ಸೂಗಮ್ಮ, "ಯಪ್ಪಾ, ರೊಟ್ಟಿ" ಎಂದು ಕೈ ಚಾಚಿದಳು.

ಬಾಲಪ್ಪ ಕಟ್ಟು ಬಿಚ್ಚತೊಡಗಿದ. ಗುರುಲಿಂಗಮ್ಮ ಅವನನ್ನೇ ನೋಡುತ್ತಿದ್ದಳು.

"ಇಷ್ಟು ದಿನ ಕೂಸಿಗೆ ಏನು ಉಣಿಸೀರಪ್ಪ?"

"ಏನೂ ಕಡಿಮಿ ಮಾಡಿಲ್ರಿ ನರ್ಸಬಾಯಾರ" ಎಂದ ಬಾಲಪ್ಪ. "ಜ್ವಾಳದ ರೊಟ್ಟಿ ಸುದ್ದಾ ಮುಟ್ಟಿಸಿಲ್ಲ. ವಾರಾ ವಾರಾ ಹಟ್ಟಿಯಿಂದ ಡಬಲ್ ರೊಟ್ಟಿ ತಂದೀನಿ."

"ಅದರ ಜೊತಿ?"

"ಚಹಾ."

"ಹಾಲು, ತತ್ತಿ? ಪಲ್ಲೆ? ಗಜ್ಜರಿ?"

"ಗಜ್ಜರಿ ಎತ್ತಿಗೆ ಹಾಕ್ತೀವಲ್ರಿ. ಅದರಾಗೇನು ತಾಕತ್ತಿರತೈತಿ? ಬರೇ ನೀರು."

ಹೇಳುವುದೋ ಬೇಡವೋ ಎಂದು ನರ್ಸಿಗೇ ತಿಳಿಯಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದಳು.

"ಹೌದಪ್ಪ, ಗಜ್ಜರ್ಯಾಗ ನೀರೇ ಹೆಚ್ಚು. ಡಬಲ್ ರೊಟ್ಟಿ ತಿಂದಂಗ ಹೊಟ್ಟಿ ತುಂಬಂಗಿಲ್ಲ. ದುಡಿಯೋ ಮೈಗೆ ಬೇಕಾದ ಬಲ ರೊಟ್ಟ್ಯಾಗ ಜಾಸ್ತಿ, ಅದೂ ಖರೆ. ಆದ್ರ ಈ ರೊಟ್ಟಿ ಮೈದಾದ್ದು. ಗೋದಿ ಮ್ಯಾಲಿನ ತೌಡೆಲ್ಲ ತಗದು ಬೆಳ್ಳಗ ಮಾಡಿದ್ದು. ಕಣ್ಣಿಗೆ ಬೇಕಾದ್ದು ಒಂದೈತಿ. ಅದು ಗಜ್ಜರ್ಯಾಗೈತಿ, ಪಲ್ಲ್ಯಾಗೈತಿ, ಹಾಲಾಗೈತಿ. ಇದರಾಗ ಒಂದು ಕಾಳಿನಷ್ಟೂ ಇಲ್ಲ. ಬಂಡಿ ತುಂಬ ತಿನಿಸಿದ್ರೂ ಇಲ್ಲ. ಅದು ಮೈಯಾಗ ಮೊದಲ ಕಡಿಮಿ ಆಗಿತ್ತು. ದಡಾರ ಬಂದು ಇದ್ದಿದ್ದನ್ನೂ ತಿಂದು ಹಾಕ್ತು."

ಬಾಲಪ್ಪನ ಕೈ ಕಟ್ಟಿನ ಮೇಲೆಯೇ ನಿಂತುಬಿಟ್ಟಿತು. "ಹಂಗಾರ ನಾ ನನ್ನ ಕೂಸಿಗೆ ವಿಷ ಉಣಿಸಿದ್ನೇನ್ರಿ?"

"ವಿಷ ಅಲ್ಲಪ್ಪ. ಎಲ್ಲಾದರ ಜೊತಿ ಅದನ್ನೂ ತಿಂದ್ರ ಯಾರಿಗೂ ಏನೂ ಆಗಂಗಿಲ್ಲ. ಬರೇ ಅದನ್ನೇ..."

ವಿಷವೆಂದಿದ್ದರೆ ಬಾಲಪ್ಪನಿಗೆ ಯಾರ ಮೇಲಾದರೂ ಸಿಟ್ಟು ಮಾಡಲು ಬರುತ್ತಿತ್ತು. ಬೇಕರಿಯವನ ಮೇಲೆ, ಮಾರಿದವನ ಮೇಲೆ. ಈಗ ಅದೂ ಇರಲಿಲ್ಲ. ಸೂಗಮ್ಮನ ಕೈ ಇನ್ನೂ ಚಾಚಿಕೊಂಡೇ ಇತ್ತು. ಗ್ಯಾನಮ್ಮ ಆ ಕೈಯನ್ನು ತನ್ನ ಕೈಯೊಳಗೆ ಹಿಡಿದು ಮಡಿಲಿಗೆ ಇಳಿಸಿದಳು. ಎತ್ತಿನ ಗೋದಲಿಗೆ ಬಿದ್ದ ಗಜ್ಜರಿಯ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಗಂಡ ತನ್ನ ಅವ್ವನ ಮುಖ ಜನ್ಮದಲ್ಲಿ ನೋಡುವುದಿಲ್ಲವೆಂದು ತಿಳಿದು ನುಂಗಿಕೊಂಡಳು.

ರಾಯಚೂರಿನಲ್ಲಿ ಮೂರು ವಾರದ ಮೇಲೆ ಇದ್ದರು. ಮೈಯ ಸೊರಗು ಹೋಗಿ ಕೂಸಿನ ಕೈಕಾಲಿಗೆ ಜೀವ ಬಂತು. ಪಟ್ಟಿ ಬಿಚ್ಚಿದಾಗ ಬಲಗಣ್ಣು ಕುಗ್ಗಿ ಗುಂಡಿಯಾಗಿತ್ತು. ಎಡಗಣ್ಣಿನ ತುಂಬ ಬಿಳಿ ಹೂವು ಕೂತಿತ್ತು. ಡಾಕ್ಟರು ಕಿಟಕಿ ತೆರೆದು ಮುಚ್ಚಿ ಕೇಳಿದರೆ ಸೂಗಮ್ಮ ಬೆಳಕಿನ ಕಡೆ ಮುಖ ತಿರುಗಿಸುತ್ತಿದ್ದಳು. ಕಿಟಕಿಯ ಮುಂದೆ ಯಾರು ನಿಂತಿದ್ದಾರೆ ಎಂದು ಕೇಳಿದರೆ ಸುಮ್ಮನಿರುತ್ತಿದ್ದಳು. ಜೀವ ಉಳಿದಿದೆ, ಇಷ್ಟೇ ನಮ್ಮ ಕೈಲಾದದ್ದು ಎಂದು ಹೇಳಿ ಕಳಿಸಿದರು.

ಊರಿಗೆ ಬಂದ ಮರುದಿನದಿಂದ ಗ್ಯಾನಮ್ಮ ಮಗಳಿಗೆ ಗಜ್ಜರಿ ತಿನ್ನಿಸಲು ಹತ್ತಿದಳು. ಹಸಿಯದನ್ನು ತುರಿದು ಬೆಲ್ಲ ಹಾಕಿ ಕೊಟ್ಟಳು. ಬೇಯಿಸಿ ಹಿಚುಕಿ ಅನ್ನದಲ್ಲಿ ಕಲಸಿದಳು. ಅರೆದು ಅರಿವೆಯಲ್ಲಿ ಹಿಂಡಿ ರಸ ಕುಡಿಸಿದಳು. ತಿಮ್ಮವ್ವನ ಹೊಲದ ಗಜ್ಜರಿ ಮುಗಿದ ಮೇಲೆ ಸಿಂಧನೂರಿನ ಸಂತೆಗೆ ಹೋಗಿ ಹೊತ್ತು ತಂದಳು. ಡಾಕ್ಟರು ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು, ತಿಳಿದುಕೊಂಡೂ ಇದ್ದಳು. ಆದರೆ ಬೆಳಕು ಕಾಣುವ ಕಣ್ಣಿಗೆ ಮುಖವೂ ಕಂಡೀತೆಂಬ ಆಸೆ ಅವಳನ್ನು ಬಿಡುತ್ತಿರಲಿಲ್ಲ. ದಿನಾ ಬೆಳಗಾಗೆದ್ದು ಮಗಳ ಮುಂದೆ ಕೈಬೆರಳು ಆಡಿಸುತ್ತಿದ್ದಳು.

"ಇದು ಏನವ್ವ?"

ಸೂಗಮ್ಮ ಅವ್ವನ ದನಿಯಿಂದ ಉತ್ತರ ಹುಡುಕುತ್ತಿದ್ದಳು. "ಕೈ" ಎನ್ನುತ್ತಿದ್ದಳು. ಒಮ್ಮೊಮ್ಮೆ ಸರಿಯಾಗುತ್ತಿತ್ತು. ಆ ದಿನ ಗ್ಯಾನಮ್ಮ ಇನ್ನಷ್ಟು ರಸ ಹಿಂಡುತ್ತಿದ್ದಳು.

ಬರಬರುತ್ತ ಕೂಸಿನ ಅಂಗೈ, ಅಂಗಾಲು ಅರಿಶಿಣ ಹಚ್ಚಿದಂತೆ ಹಳದಿಯಾದವು. ಕಾಮಾಲೆಯೆಂದು ಹೆದರಿ ಯಮನಮ್ಮ ನರ್ಸನ್ನು ಕರೆಸಿದಳು. ಗುರುಲಿಂಗಮ್ಮ ಕೈ ನೋಡಿ, ಒಲೆಯ ಪಕ್ಕದ ಗಜ್ಜರಿಯ ರಾಶಿ ನೋಡಿ, ಗ್ಯಾನಮ್ಮನ ಹತ್ತಿರ ಕೂತಳು.

"ಕಾಮಾಲಿ ಅಲ್ಲ, ಗಜ್ಜರಿ ಬಣ್ಣ ಹತ್ತೈತಿ. ಮೈಗೆ ಬೇಕಾದಷ್ಟು ಸೇರೈತಿ ಗ್ಯಾನಮ್ಮ. ಇನ್ನ ಮ್ಯಾಲ ಎಲ್ಲಾರಂಗ ಉಣ್ಣಲಿ, ಸಾಕು."

"ಇನ್ನೊಂದು ತಿಂಗಳ ಕೊಡ್ತೀನ್ರಿ ಬಾಯಾರ."

"ಬೇರು ಇದ್ರ ನೀರು ಹಾಕಬೇಕವ್ವ. ಬೇರೇ ಸುಟ್ಟು ಹೋಗೈತಿ." ನರ್ಸ್ ಅವಳ ಕೈ ಹಿಡಿದುಕೊಂಡಳು. "ಮೊದಲ ಕೊಟ್ಟಿದ್ರ ನಿಲ್ಲತಿತ್ತು. ಈಗ ಕೊಟ್ರ ತಿರುಗಿ ಬರಂಗಿಲ್ಲ."

ಗ್ಯಾನಮ್ಮ ಕೇಳಲಿಲ್ಲ. ಸೂಗಮ್ಮ ಮಾತ್ರ ಗಜ್ಜರಿಯ ವಾಸನೆ ಬಂದರೆ ಬಾಯಿ ಬಿಗಿದುಕೊಳ್ಳತೊಡಗಿದಳು. ಮೂಗು ಹಿಡಿದು ಕುಡಿಸಿದರೆ ವಾಂತಿ ಮಾಡಿಕೊಂಡಳು. ಒಂದು ದಿನ ಬಟ್ಟಲನ್ನು ತಡವಿ ಹಿಡಿದು ದೂರ ಎಸೆದು, "ನೀ ಬ್ಯಾಡ, ನೀ ಬ್ಯಾಡ" ಎಂದು ಅವ್ವನ ಮೈಗೆಲ್ಲ ಹೊಡೆದಳು. ಗ್ಯಾನಮ್ಮ ಹೊಡೆಸಿಕೊಂಡು ಕೂತಳು. ಯಮನಮ್ಮ ಬಾಗಿಲ ಹತ್ತಿರ ನಿಂತಿದ್ದಳು.

"ಅವತ್ತು ನಾ ಕಸಗೊಂಡೆ" ಎಂದಳು ಮುದುಕಿ, ಯಾರಿಗೆ ಎಂದಿಲ್ಲದೆ. "ತಿನ್ನಾಕತ್ತಿದ್ದನ್ನ ಕಸಗೊಂಡೆ."

"ಒಂದು ಗಜ್ಜರಿ ತಿಂದಿದ್ರ ಕಣ್ಣು ಉಳೀತಿದ್ದಿಲ್ರಿ ಅತ್ತಿ" ಎಂದಳು ಗ್ಯಾನಮ್ಮ. ಅದು ನಿಜವಿರಬಹುದು, ಇಲ್ಲದಿರಬಹುದು. ಅತ್ತೆಗೆ ಹೇಳಲು ಅವಳ ಹತ್ತಿರ ಬೇರೆ ಮಾತಿರಲಿಲ್ಲ. ಮುದುಕಿ ಅದರಿಂದ ಸಮಾಧಾನ ಪಟ್ಟುಕೊಳ್ಳಲಿಲ್ಲ. ಬೇಸಿಗೆ ಬಂದು ಸಂತೆಯಲ್ಲಿ ಗಜ್ಜರಿ ಮುಗಿಯಿತು. ಗ್ಯಾನಮ್ಮ ನಿಲ್ಲಿಸಿದ್ದು ಹಾಗೆ.

ಬಾಲಪ್ಪ ಊರಿಗೆ ಬರುವುದು ಕಡಿಮೆಯಾಯಿತು. ಬಂದರೂ ಬರಿಗೈಯಲ್ಲಿ ಬರುತ್ತಿದ್ದ. ಅವನ ಚಪ್ಪಲಿಯ ಸಪ್ಪಳ ಓಣಿಯಲ್ಲಿ ಕೇಳಿದೊಡನೆ ಸೂಗಮ್ಮ ಗೋಡೆ ಹಿಡಿದು ಬಾಗಿಲಿಗೆ ಬಂದು ಕೈ ಚಾಚುತ್ತಿದ್ದಳು. ಅವನು ಆ ಕೈಯನ್ನು ದಾಟಿ ಒಳಗೆ ಹೋಗಲಾರದೆ, ಹೊರಗಿನ ಕಟ್ಟೆಯ ಮೇಲೆಯೇ ಸಂಜೆಯ ತನಕ ಕೂತು ತಿರುಗಿ ಹೋದದ್ದೂ ಉಂಟು. ಒಮ್ಮೆ ಗ್ಯಾನಮ್ಮ ಕಾಲುವೆಯಲ್ಲಿ ಅರಿವೆ ಒಗೆಯುತ್ತಿದ್ದಾಗ ಅಲ್ಲಿಗೇ ಬಂದು ದಂಡೆಯ ಮೇಲೆ ಕುಳಿತ.

"ನೀ ನನಗ ಒಂದು ಮಾತರ ಬೈಯಿ ಗ್ಯಾನಿ."

ಅವಳು ಅರಿವೆ ಹಿಂಡುತ್ತಲೇ ಇದ್ದಳು. "ಬೈದ್ರ ಕಣ್ಣು ಬರ್ತಾವೇನ್ರಿ?"

"ನಾ ಅಲ್ಲಿ ನೆಲದಾಗ ಇಳದಾಗ ತೆಲಿಮ್ಯಾಲಿನ ದೀಪ ಆರಿಸಿ ನೋಡ್ತೀನಿ. ಹೆಂಗಿರತೈತಿ ಅಕಿಗೆ ಅಂತ." ಬಾಲಪ್ಪ ಕಾಲುವೆಯ ನೀರನ್ನೇ ನೋಡುತ್ತಿದ್ದ. "ಮತ್ತ ಹಚ್ಚಿಗೊಂತೀನಿ. ನಂದು ಹತ್ತತೈತಿ."

ಗ್ಯಾನಮ್ಮ ಹಿಂಡಿದ ಅರಿವೆಯನ್ನು ಕಲ್ಲಿನ ಮೇಲಿಟ್ಟು ಅವನ ಪಕ್ಕದಲ್ಲಿ ಬಂದು ಕೂತಳು. ಕಾಲುವೆಯ ಆಚೆ ಎರಡನೆಯ ಬೆಳೆ ಹೊಡೆ ತುಂಬಿ ನಿಂತಿತ್ತು. ಆ ಸಲ ನೆಲ್ಲು ಚೆನ್ನಾಗಿ ಬಂದಿದೆಯೆಂದು ಊರೆಲ್ಲ ಹೇಳುತ್ತಿತ್ತು.

ಮರುವರ್ಷದ ಮಳೆಗಾಲದಲ್ಲಿ ಗ್ಯಾನಮ್ಮ ಗಂಡುಕೂಸು ಹೆತ್ತಳು. ವೆಂಕೋಬ ಎಂದು ಹೆಸರಿಟ್ಟರು. ಹೆಸರಿಡುವ ದಿನವೂ ಮನೆಯಲ್ಲಿ ದೊಡ್ಡ ದನಿ ಕೇಳಿಸಲಿಲ್ಲ. ಸೂಗಮ್ಮ ತೊಟ್ಟಿಲ ಹಗ್ಗ ಹಿಡಿದು ತೂಗುವುದನ್ನು ಕಲಿತಳು. ತೊಟ್ಟಿಲೊಳಗೆ ಕೈ ಹಾಕಿ ತಮ್ಮನ ಮುಖ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬೆರಳು ಕಣ್ಣಿಗೆ ತಾಗಿ ಕೂಸು ಅತ್ತರೆ ಗ್ಯಾನಮ್ಮ ಓಡಿ ಬರುತ್ತಿದ್ದಳು. ಸೂಗಮ್ಮನ ಕೈ ಹಿಡಿದು ದೂರ ಸರಿಸುತ್ತಿದ್ದಳು. ಆಮೇಲೆ ಹಾಗೆ ಸರಿಸಿದ್ದಕ್ಕೆ ಒಳಗೆ ಹೋಗಿ ಅಳುತ್ತಿದ್ದಳು. ನಾಟಿಯ ದಿನಗಳಲ್ಲಿ ಇಬ್ಬರನ್ನೂ ಯಮನಮ್ಮನ ಹತ್ತಿರ ಬಿಟ್ಟು ಗದ್ದೆಗೆ ಹೋಗುತ್ತಿದ್ದಳು. ಸಂಜೆ ಬರುವಾಗ ಕ್ಯಾಂಪಿನವರ ಹಿತ್ತಿಲಿನಿಂದ ನುಗ್ಗೆಸೊಪ್ಪು ಕೇಳಿ ತರುತ್ತಿದ್ದಳು. ಸೂಗಮ್ಮ ಈಗ ಕೊಟ್ಟದ್ದನ್ನು ಸುಮ್ಮನೆ ಉಣ್ಣುತ್ತಿದ್ದಳು. ಬೇಕು, ಬೇಡ ಎನ್ನುವುದನ್ನೇ ಬಿಟ್ಟಿದ್ದಳು.

ವೆಂಕೋಬನಿಗೆ ವರ್ಷ ತುಂಬಿದ ಮೇಲೆ ಗುರುಲಿಂಗಮ್ಮ ಒಂದು ಕಂದು ಬಾಟಲಿ ಹಿಡಿದು ಬಂದಳು. ಸರಕಾರದಿಂದ ಬಂದದ್ದು, ಸಣ್ಣ ಮಕ್ಕಳಿಗೆಲ್ಲ ಕಣ್ಣಿಗಾಗಿ ಕುಡಿಸುತ್ತಿದ್ದಾರೆ, ಮತ್ತೆ ಆರು ತಿಂಗಳಿಗೆ ಬರುತ್ತೇನೆ ಎಂದು ಹೇಳಿದಳು. ಚಮಚೆಗೆ ಬಗ್ಗಿಸಿದಾಗ ಹಳದಿ ಎಣ್ಣೆ ದಪ್ಪಗೆ ಇಳಿಯಿತು. ಗ್ಯಾನಮ್ಮ ಕೂಸಿನ ಗಲ್ಲ ಒತ್ತಿ ಬಾಯಿ ತೆರೆಸಿದಳು. ಒಂದು ಹನಿಯೂ ಹೊರಗೆ ಬೀಳದಂತೆ, ಕೂಸು ನುಂಗುವ ತನಕ, ಅಂಗೈಯನ್ನು ಗದ್ದದ ಕೆಳಗೆ ಹಿಡಿದೇ ಇದ್ದಳು.

ಗೋಡೆಯ ಬದಿಯಲ್ಲಿ ಕೂತಿದ್ದ ಸೂಗಮ್ಮ ಚಮಚೆಯ ಸಪ್ಪಳದ ಕಡೆ ಮುಖ ತಿರುಗಿಸಿದಳು.

"ತಮ್ಮಗ ಏನು ಹಾಕಿದ್ರಬೇ?"

ಯಮನಮ್ಮ ಎದ್ದು ಹಿತ್ತಿಲಿಗೆ ಹೋದಳು.

"ಔಷಧ ಅವ್ವ" ಎಂದಳು ನರ್ಸ್.

"ಯಾತರದು?"

ಗುರುಲಿಂಗಮ್ಮ ಗ್ಯಾನಮ್ಮನ ಕಡೆ ನೋಡಿದಳು. ಗ್ಯಾನಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ತಿರುಗಿ ನಿಂತಿದ್ದಳು.

"ನನಗೂ ಹಾಕ್ರಿ" ಎಂದು ಸೂಗಮ್ಮ ಬಾಯಿ ತೆರೆದಳು. ಬಾಟಲಿಯಲ್ಲಿ ಓಣಿಯ ಉಳಿದ ಮಕ್ಕಳಿಗೆ ಬೇಕಾದಷ್ಟೇ ಇತ್ತು. ನರ್ಸ್ ಚಮಚೆಯ ತಳದಲ್ಲಿ ಅಂಟಿ ಉಳಿದದ್ದನ್ನು ಅವಳ ನಾಲಿಗೆಗೆ ಸವರಿದಳು. ಸೂಗಮ್ಮ ಅದನ್ನು ಚಪ್ಪರಿಸಿ ರುಚಿ ನೋಡಿ, ಬಾಯಿ ಒರೆಸಿಕೊಂಡು, ತೊಟ್ಟಿಲ ಹಗ್ಗಕ್ಕಾಗಿ ಕೈ ಆಡಿಸಿದಳು. ನರ್ಸ್ ಬಾಟಲಿಯ ಮುಚ್ಚಳ ಬಿಗಿ ಮಾಡಿ ಮುಂದಿನ ಮನೆಗೆ ಹೋದಳು.